ಸಲಹೆ ತಲುಪಿದ ಮೇಲೆ ಏನು?

ಬೆಳಗಾವಿಯ ಕ್ಯಾಂಪಿನಿಂದ, ಅಂದರೆ ದಂಡು ಪ್ರದೇಶದಿಂದ, ಖಾನಾಪುರ ಪಟ್ಟಣಕ್ಕೆ ಸುಮಾರು 25 ಕಿಲೋಮೀಟರ್. ಆದರೆ ತಾಲ್ಲೂಕಿನ ಪಶ್ಚಿಮಕ್ಕೆ, ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡಿನ ಕಡೆ ಹೋದಂತೆ ಆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಕ್ಯಾಂಪಿನ ಆಸುಪಾಸಿನಲ್ಲಿ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ, ತಾಂತ್ರಿಕ ವಿಶ್ವವಿದ್ಯಾಲಯ, ಸಕ್ಕರೆ ಸಂಸ್ಥೆ ಎಲ್ಲವೂ ಇವೆ. ಕಾಡಂಚಿನ ಊರುಗಳಲ್ಲಿ ಮಳೆಗಾಲಕ್ಕೆ ರಸ್ತೆಯೂ ಉಳಿಯುವುದಿಲ್ಲ. ಈ ಅಂತರವನ್ನು ಇನ್ನು ಮುಂದೆ ತಂತ್ರಜ್ಞಾನವೇ ಅಳಿಸಿಹಾಕುತ್ತದೆ ಎಂಬ ನಂಬಿಕೆ ಇಂದು ಸರ್ಕಾರದ ಘೋಷಣೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಕಾಲೇಜುಗಳ ವಿಚಾರಗೋಷ್ಠಿಗಳಲ್ಲಿ ಒಂದೇ ಸ್ವರದಲ್ಲಿ ಕೇಳಿಬರುತ್ತಿದೆ. ಈ ನಂಬಿಕೆಯಲ್ಲಿ ಸತ್ಯದ ಅಂಶವಿದೆ. ಜೊತೆಗೆ ಒಂದು ದೊಡ್ಡ ಗೊಂದಲವೂ ಇದೆ. ಆ ಗೊಂದಲವನ್ನು ಬಿಡಿಸದೆ ಹೋದರೆ ನಾವು ಬೇಕಾದ ಕಡೆ ಹಣ ಹಾಕದೆ, ಬೇಡವಾದ ಕಡೆ ಭರವಸೆ ಇಟ್ಟು ಕೂರುತ್ತೇವೆ.

ಮೊದಲು ಆ ನಂಬಿಕೆಯನ್ನು ಅದರ ಪೂರ್ಣ ಬಲದಲ್ಲಿಯೇ ನೋಡೋಣ. ನಗರಕ್ಕೂ ಹಳ್ಳಿಗೂ ಇರುವ ಮುಖ್ಯ ವ್ಯತ್ಯಾಸ ಪರಿಣತಿಯದು. ಹೃದ್ರೋಗ ತಜ್ಞರು, ಎಕ್ಸ್‌-ರೇ ಓದಬಲ್ಲವರು, ಬೆಳೆಯ ರೋಗ ಗುರುತಿಸಬಲ್ಲ ವಿಜ್ಞಾನಿಗಳು ಎಲ್ಲ ಊರಿಗೂ ಸಾಲುವಷ್ಟು ಇಲ್ಲ, ಇದ್ದವರೂ ನಗರದಲ್ಲೇ ನೆಲೆಸುತ್ತಾರೆ. ಅವರನ್ನು ಹಳ್ಳಿಗೆ ಕಳಿಸುವ ಯತ್ನ ಎಪ್ಪತ್ತು ವರ್ಷಗಳಿಂದ ಸೋಲುತ್ತಲೇ ಬಂದಿದೆ. ಆದರೆ ಈಗ ಪರಿಣತಿಯೇ ಮನುಷ್ಯನಿಂದ ಬೇರ್ಪಟ್ಟು ಪ್ರಯಾಣ ಮಾಡಬಲ್ಲದು. ಕೇಂದ್ರದ ಇ-ಸಂಜೀವನಿ ವ್ಯವಸ್ಥೆಯ ಮೂಲಕ ದೂರದ ವೈದ್ಯರು ಪರದೆಯ ಮೇಲೆ ಸಿಗುತ್ತಾರೆ. ಕೃತಕ ಬುದ್ಧಿಮತ್ತೆ ಇಸಿಜಿಯ ಗೆರೆಗಳನ್ನು ಓದುತ್ತದೆ. ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಕಬ್ಬಿನ ಗದ್ದೆಗೆ ಸಂವೇದಕಗಳನ್ನು ನೆಟ್ಟು, ಉಪಗ್ರಹ ಚಿತ್ರಗಳನ್ನು ಜೋಡಿಸಿ, ಯಾವಾಗ ನೀರು ಬಿಡಬೇಕು, ಎಷ್ಟು ಗೊಬ್ಬರ ಹಾಕಬೇಕು ಎಂದು ರೈತನ ಫೋನಿಗೆ ತಿಳಿಸುವ ಪ್ರಯೋಗ ನಡೆದಿದೆ. ಒಮ್ಮೆ ತಯಾರಾದ ಇಂಥ ಪರಿಣತಿಯನ್ನು ಇನ್ನೊಬ್ಬರಿಗೆ ಮುಟ್ಟಿಸಲು ಹೆಚ್ಚುವರಿ ಖರ್ಚು ಇಲ್ಲವೆಂಬಷ್ಟು ಕಡಿಮೆ. ಹೀಗಿರುವಾಗ ಕ್ಯಾಂಪಿನ ರೋಗಿಗೆ ಸಿಗುವ ತಿಳಿವಳಿಕೆ ಕಣಕುಂಬಿಯ ರೋಗಿಗೂ ಸಿಗುತ್ತದೆ, ಕಾಲಕ್ರಮದಲ್ಲಿ ಇಬ್ಬರ ಆರೋಗ್ಯವೂ ಬೆಳೆಯೂ ಸರಿಸಮಕ್ಕೆ ಬರುತ್ತವೆ. ವಾದ ಹೀಗೆ ಸಾಗುತ್ತದೆ. ಇದನ್ನು ಮುಂದಿಡುವವರು ಹಳ್ಳಿಯ ಹಿತ ಬಯಸುವವರೇ. ಅವರ ಒಂದೊಂದು ಹೇಳಿಕೆಯೂ ಬಿಡಿಬಿಡಿಯಾಗಿ ನಿಜವೇ.

ಎಡವುವುದು ಕೊನೆಯ ಹೆಜ್ಜೆಯಲ್ಲಿ. ತಿಳಿವಳಿಕೆ ತಲುಪಿತು, ಆದ್ದರಿಂದ ಫಲವೂ ತಲುಪುತ್ತದೆ ಎಂದು ಹೇಳಬೇಕಾದರೆ, ಅಲ್ಲಿ ಇಲ್ಲದಿದ್ದದ್ದು ತಿಳಿವಳಿಕೆ ಮಾತ್ರ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಯಾರೂ ಬಾಯಿಬಿಟ್ಟು ಹೇಳದ, ಆದರೆ ಇಡೀ ವಾದ ನಿಂತಿರುವ ಊಹೆ ಇದು. ಇದನ್ನು ಪರೀಕ್ಷಿಸಲು ತಂತ್ರಜ್ಞಾನಗಳನ್ನು ಎರಡು ಬಗೆಯಾಗಿ ವಿಂಗಡಿಸುವುದು ಅಗತ್ಯ. ಒಂದು ಬಗೆ, ಏನು ಮಾಡಬೇಕೆಂದು ಹೇಳುವಂಥದ್ದು: ರೋಗ ಗುರುತಿಸುವ ಆ್ಯಪ್, ಹವಾಮಾನ ಮುನ್ಸೂಚನೆ, ಮಣ್ಣಿನ ತೇವ ಅಳೆಯುವ ಸಂವೇದಕ. ಇನ್ನೊಂದು ಬಗೆ, ಆಗಬೇಕಾದ ಕೆಲಸವನ್ನು ತಾನೇ ಮಾಡಿ ಮುಗಿಸುವಂಥದ್ದು: ಲಸಿಕೆ, ಮಾತ್ರೆ, ಒಳ್ಳೆಯ ತಳಿಯ ಬೀಜ. ಮೊದಲನೆಯದನ್ನು ಸಲಹೆಯ ತಂತ್ರಜ್ಞಾನ, ಎರಡನೆಯದನ್ನು ಕೆಲಸದ ತಂತ್ರಜ್ಞಾನ ಎಂದು ಕರೆಯೋಣ. ಸಲಹೆಯ ತಂತ್ರಜ್ಞಾನದ ಬೆಲೆ ಅದರ ಮುಂದಿನ ಕೊಂಡಿಯನ್ನು ಅವಲಂಬಿಸಿದೆ. ಸಲಹೆ ಕೇಳಿದವರ ಬಳಿ ಅದನ್ನು ನಡೆಸುವ ಸಾಧನವೂ ಹೊಣೆಯೂ ಇದ್ದರೆ ಅದಕ್ಕೆ ಬೆಲೆ ಬರುತ್ತದೆ, ಇಲ್ಲವಾದರೆ ಇಲ್ಲ. ಬಾವಿಯಲ್ಲಿ ನೀರೆಷ್ಟಿದೆ ಎಂದು ನಿಖರವಾಗಿ ಹೇಳುವ ಮಾಪಕವು ಹಗ್ಗ-ಕೊಡ ಇಲ್ಲದವನ ದಾಹವನ್ನು ತಣಿಸುವುದಿಲ್ಲ. ಇಂದು ನಾವು ಹೊಸ ತಂತ್ರಜ್ಞಾನ ಎಂದು ಕೊಂಡಾಡುತ್ತಿರುವುದರಲ್ಲಿ ಬಹುಪಾಲು ಮೊದಲ ಬಗೆಯದು, ಅದರಿಂದ ನಿರೀಕ್ಷಿಸುತ್ತಿರುವುದು ಮಾತ್ರ ಎರಡನೆಯದರ ಫಲ.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ಸಾಕ್ಷ್ಯವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಪಾಲುಗೊಂಡ ಎರಡು ದೊಡ್ಡ ಅಧ್ಯಯನಗಳು ನಡೆದಿವೆ. ಮೊದಲನೆಯದು 2002ರಿಂದ 2005ರವರೆಗೆ ನಡೆದು, 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ಆಗುವ ಅತಿ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯಲು ಆಸ್ಪತ್ರೆಗಳಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ತಿಳಿದವರೂ ಬೇಕು. ಅದರ ಬದಲಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು, ಫ್ರಿಜ್ ಬೇಡದ ಅಗ್ಗದ ಮಾತ್ರೆಯನ್ನು, ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಸಹಾಯಕ ದಾದಿಯರಾದ ಎಎನ್‌ಎಂ ಸಿಸ್ಟರ್‌ಗಳ ಕೈಯಲ್ಲಿ ಕೊಟ್ಟು 1,620 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಹುಸಿ ಮಾತ್ರೆ ಪಡೆದ ಗುಂಪಿನಲ್ಲಿ ಶೇ 12ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವವಾದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಬಂತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂಬುದು ಇದರ ಲೆಕ್ಕ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಎರಡನೆಯ ಅಧ್ಯಯನ 'ಕ್ಲಿಪ್' ಎಂದು ಹೆಸರಾದದ್ದು. ಭಾರತದಲ್ಲಿ ಇದು 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ನಡೆದ ಇದರ ಒಟ್ಟು ಫಲಿತಾಂಶ 2020ರಲ್ಲಿ ಹೊರಬಂತು. ಗರ್ಭಿಣಿಯರ ರಕ್ತದೊತ್ತಡ ಏರಿ ಪ್ರಾಣಕ್ಕೆ ಎರವಾಗುವ ಪ್ರಿಎಕ್ಲಾಂಪ್ಸಿಯಾ ಇದರ ವಿಷಯ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆದು, ಲಕ್ಷಣಗಳನ್ನು ಫೋನಿನ ಆ್ಯಪ್‌ಗೆ ತುಂಬಿದರೆ, ಅಪಾಯ ಎಷ್ಟಿದೆ, ಏನು ಮಾಡಬೇಕು ಎಂದು ಆ್ಯಪ್ ಹೇಳುತ್ತಿತ್ತು. ಅಪಾಯ ಕಂಡರೆ ಮೊದಲ ಮದ್ದು ಕೊಟ್ಟು ಆಸ್ಪತ್ರೆಗೆ ಕಳಿಸುವ ಏರ್ಪಾಡೂ ಇತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇರಲಾರದು. ಆದರೂ ತಾಯಿ-ಮಕ್ಕಳ ಸಾವುನೋವು ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಯೋಜನೆ ನಡೆದ ಪ್ರದೇಶಕ್ಕೂ ನಡೆಯದ ಪ್ರದೇಶಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಬಾರಿ, ಎಂಟು ಅಥವಾ ಅದಕ್ಕೂ ಹೆಚ್ಚು ಸಲ, ಕಾರ್ಯಕರ್ತೆಯ ಭೇಟಿ ಪಡೆದವರಲ್ಲಿ ಫಲಿತಾಂಶ ಮೇಲೆನಿಸಿತು. ಆದರೆ ಅದು ಹೆಚ್ಚು ಭೇಟಿ ಸಾಧ್ಯವಾಗಿಸುವ ಮನೆಗಳ ಅನುಕೂಲವೂ ಆಗಿರಬಹುದು. ಅದು ಭೇಟಿಗಳಿಂದಲೇ ಆದ ಲಾಭವೆಂದು ಇಟ್ಟುಕೊಂಡರೂ ಬೆರಳು ತೋರಿಸುವುದು ಮತ್ತೆ ಮತ್ತೆ ಬಾಗಿಲಿಗೆ ಬಂದ ಮನುಷ್ಯರ ಕಡೆಗೇ.

ಈ ಹೋಲಿಕೆಗೆ ಒಂದು ನ್ಯಾಯವಾದ ಆಕ್ಷೇಪವಿದೆ. ಎರಡೂ ಬೇರೆ ಬೇರೆ ಕಾಯಿಲೆಗಳು. ರಕ್ತಸ್ರಾವಕ್ಕೆ ಒಂದೇ ಮಾತ್ರೆ ಸಾಕಾಗಬಹುದು. ಪ್ರಿಎಕ್ಲಾಂಪ್ಸಿಯಾಕ್ಕೆ ಕೊನೆಗೂ ಹೆರಿಗೆಯೇ ಪರಿಹಾರ, ಅಂದರೆ ಸುಸಜ್ಜಿತ ಆಸ್ಪತ್ರೆಯೇ ಬೇಕು. ಆ್ಯಪ್ ಸೋತಿದ್ದಕ್ಕೆ ಕಾಯಿಲೆಯ ಸ್ವಭಾವ ಕಾರಣ, ತಂತ್ರಜ್ಞಾನದ ಬಗೆಯಲ್ಲ ಎನ್ನಬಹುದು. ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಒಂದು ನಿಯಮವನ್ನು ಸಿದ್ಧಪಡಿಸಲಾಗದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವ ಬದಲು ಅದರ ಒಳಗನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಪರಿಹಾರ ಆಸ್ಪತ್ರೆಯಲ್ಲಿದೆ ಎಂದ ಮೇಲೆ, ಆಸ್ಪತ್ರೆಗೆ ಹೋಗಬೇಕು ಎಂಬ ಮಾತನ್ನು ಎಷ್ಟು ಚುರುಕಾಗಿ, ಎಷ್ಟು ನಿಖರವಾಗಿ ಹೇಳಿದರೂ ಆಸ್ಪತ್ರೆಯ ಗುಣಮಟ್ಟ, ಅಲ್ಲಿಗೆ ಹೋಗುವ ದಾರಿ, ಅಲ್ಲಿ ಕಾಯುತ್ತಿರುವ ವೈದ್ಯೆ ಇವೇ ಫಲವನ್ನು ನಿರ್ಧರಿಸುತ್ತವೆ. ಕಾಯಿಲೆ ಯಾವುದಾದರೂ ಪ್ರಶ್ನೆ ಒಂದೇ: ಸಲಹೆಗೂ ಪರಿಹಾರಕ್ಕೂ ನಡುವೆ ಎಷ್ಟು ಕೊಂಡಿಗಳಿವೆ, ಅವುಗಳಲ್ಲಿ ಯಾವುದು ಕಳಚಿದೆ?

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡಾಗ ಸಲಹೆಯ ತಂತ್ರಜ್ಞಾನವೂ ಜೀವ ಉಳಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೂಡಲೇ ಪರಿಶೀಲನೆಯಾಗುತ್ತದೆ, ದೂರದ ಹೃದ್ರೋಗ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಯೋಜನೆ ಇಷ್ಟಕ್ಕೇ ನಿಂತಿದ್ದರೆ ಹೃದಯಾಘಾತವಾಗಿದೆ ಎಂದು ಬೇಗ ತಿಳಿಯುತ್ತಿತ್ತು, ಅಷ್ಟೇ. ಆದರೆ ಅದರ ಜೊತೆಗೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅದೇ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಇಡಲಾಯಿತು. ಸಲಹೆ ಬಂದ ಜಾಗದಲ್ಲೇ ಅದನ್ನು ನಡೆಸುವ ಮದ್ದೂ ನಡೆಸುವ ಕೈಯೂ ಇವೆ. ಸುದ್ದಿಯಲ್ಲಿ ಮಿಂಚಿದ್ದು ಕೃತಕ ಬುದ್ಧಿಮತ್ತೆ. ಯೋಜನೆಯ ಬೆನ್ನೆಲುಬು ಮಾತ್ರ ಆ ಚುಚ್ಚುಮದ್ದು. ಎರಡನ್ನೂ ಒಟ್ಟಿಗೆ ಯೋಚಿಸಿದವರ ವಿವೇಕವನ್ನು ಮೆಚ್ಚಬೇಕು.

ಹಿಂದಿನ ಶತಮಾನದ ಅನುಭವವೂ ಇದನ್ನೇ ಹೇಳುತ್ತದೆ. ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇಂದು ವಾಯುವಿಹಾರಕ್ಕೆ, ಪ್ರದರ್ಶನಗಳಿಗೆ ಹೆಸರಾಗಿದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದರಿಂದ ಆ ಜಾಗಕ್ಕೆ ಆ ಹೆಸರು. ಸಿಡುಬಿಗೆ ಲಸಿಕೆ ಇದೆ ಎಂಬ ತಿಳಿವಳಿಕೆ ಹದಿನೆಂಟನೆಯ ಶತಮಾನದ ಕೊನೆಯಿಂದಲೇ ಇತ್ತು. ಆದರೂ ರೋಗ ಇನ್ನೂ ಸುಮಾರು ಎರಡು ಶತಮಾನ ಬಾಳಿತು. ದ್ರವರೂಪದ ಲಸಿಕೆ ಬಿಸಿಲಿಗೆ ಕೆಡುತ್ತಿತ್ತು, ಹಾಕಲು ಕೈಚಳಕ ಬೇಕಿತ್ತು. ಬಿಸಿಲು ತಾಳುವ ಒಣಗಿಸಿದ ಲಸಿಕೆ ಮತ್ತು ಯಾರು ಬೇಕಾದರೂ ಬೇಗ ಕಲಿಯಬಹುದಾದ ಕವಲು ಸೂಜಿ 1960ರ ದಶಕದಲ್ಲಿ ಒಟ್ಟಿಗೆ ಬಳಕೆಗೆ ಬಂದ ಮೇಲೆ ಕೊನೆಯ ಹಳ್ಳಿಯನ್ನೂ ಮುಟ್ಟುವುದು ಸಾಧ್ಯವಾಯಿತು. ಭಾರತದ ಕೊನೆಯ ಪ್ರಕರಣ ವರದಿಯಾದದ್ದು 1975ರಲ್ಲಿ, ಲೋಕದಿಂದಲೇ ರೋಗ ತೊಲಗಿತೆಂದು ಘೋಷಣೆಯಾದದ್ದು 1980ರಲ್ಲಿ. ಆಗಲೂ ಮನೆಮನೆ ಹುಡುಕಿ ರೋಗಿಯನ್ನು ಪತ್ತೆಹಚ್ಚಿ ಸುತ್ತಲಿನವರಿಗೆ ಲಸಿಕೆ ಹಾಕಿದ ಕಾರ್ಯಕರ್ತರ ಪಡೆ ಇಲ್ಲದೆ ಕೆಲಸ ಮುಗಿಯುತ್ತಿರಲಿಲ್ಲ. ಆದರೆ ಆ ಕಾರ್ಯಕರ್ತನ ಚೀಲದಲ್ಲಿ ಬಿಸಿಲಿಗೆ ಕೆಡದ ಮದ್ದು ಇತ್ತು ಎಂಬುದು ಮುಖ್ಯ.

ಕ್ಯಾಂಪಿನ ಇತಿಹಾಸ ಇನ್ನೊಂದು ದಿಕ್ಕಿನಿಂದ ಇದೇ ಮಾತನ್ನು ಸಾಬೀತುಪಡಿಸುತ್ತದೆ. ಬೆಳಗಾವಿಯ ದಂಡು ಪ್ರದೇಶ 1832ರಷ್ಟು ಹಳೆಯದು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು ಎಂದು 1863ರ ರಾಯಲ್ ಕಮಿಷನ್ ವರದಿ ಹೇಳಿತು. ಬಹುಪಾಲು ಸಾವು ಯುದ್ಧದಿಂದಲ್ಲ, ರೋಗದಿಂದ. ಆ ವರದಿಯ ನಂತರ ದಂಡು ಪ್ರದೇಶಗಳಲ್ಲಿ ಚರಂಡಿ, ಕುಡಿಯುವ ನೀರು, ಗಾಳಿಯಾಡುವ ಬ್ಯಾರಕ್‌ಗಳ ಸುಧಾರಣೆ ನಡೆದು, ಶತಮಾನ ಮುಗಿಯುವ ಹೊತ್ತಿಗೆ ಸಾವಿನ ಪ್ರಮಾಣ ಮೂರನೇ ಒಂದಕ್ಕಿಂತ ಕೆಳಗಿಳಿಯಿತು. ಗಮನಿಸಬೇಕಾದ್ದು ಏನೆಂದರೆ, ಸುಧಾರಣೆ ಶುರುವಾದಾಗ ಅವರ ತಿಳಿವಳಿಕೆಯೇ ತಪ್ಪಾಗಿತ್ತು. ರೋಗ ಬರುವುದು ಕೆಟ್ಟ ಗಾಳಿಯಿಂದ ಎಂದು ಆಗಿನ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ಕಾಲರಾದ ಜೀವಾಣುವನ್ನು ವಿಜ್ಞಾನಿ ಕಾಖ್ ಗುರುತಿಸಿದ್ದು ಇನ್ನೂ ಇಪ್ಪತ್ತು ವರ್ಷಗಳ ನಂತರ. ತಪ್ಪು ತಿಳಿವಳಿಕೆಯ ಜೊತೆಗೂ ಚರಂಡಿ ಜೀವ ಉಳಿಸಿತು, ಏಕೆಂದರೆ ಚರಂಡಿ ಕಟ್ಟುವ ಅಧಿಕಾರ, ಹಣ, ಹೊಣೆ ಇದ್ದ ಸಂಸ್ಥೆ ಅಲ್ಲಿತ್ತು. ಆ ಸುಧಾರಣೆ ಸಾಮ್ರಾಜ್ಯದ ಸೈನಿಕರಿಗಾಗಿ ಆದದ್ದು, ದಂಡಿನ ಗಡಿಯಲ್ಲೇ ಹೆಚ್ಚುಕಡಿಮೆ ನಿಂತುಬಿಟ್ಟದ್ದು. ನ್ಯಾಯದ ಮಾದರಿಯೆಂದು ಅದನ್ನು ಮುಂದಿಡುವಂತಿಲ್ಲ. ಆದರೆ ಕ್ಯಾಂಪು ಸುತ್ತಲಿನ ಹಳ್ಳಿಗಿಂತ ಮುಂದೆ ಹೋದದ್ದು ಅಲ್ಲಿದ್ದವರಿಗೆ ಹೆಚ್ಚು ಗೊತ್ತಿದ್ದುದರಿಂದಲ್ಲ, ಗೊತ್ತಿದ್ದಷ್ಟನ್ನು ನಡೆಸಬಲ್ಲ ವ್ಯವಸ್ಥೆ ಇದ್ದುದರಿಂದ ಎಂಬ ಪಾಠ ನಮಗೆ ಬೇಕಾದದ್ದು.

ಕೃಷಿಗೆ ಬರೋಣ. ಕಬ್ಬಿನ ಗದ್ದೆಯ ಸಂವೇದಕ ಈಗ ನೀರು ಬಿಡು ಎಂದು ಮಧ್ಯಾಹ್ನ ಹೇಳುತ್ತದೆ ಎಂದುಕೊಳ್ಳೋಣ. ರಾಜ್ಯದಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಪ್ರಕಾರ, ಎಷ್ಟೋ ಸಲ ರಾತ್ರಿ. ನೀರು ಬಿಡುವ ಹೊತ್ತನ್ನು ನಿರ್ಧರಿಸುವುದು ಮಣ್ಣಿನ ತೇವವಲ್ಲ, ಫೀಡರಿನ ಪಾಳಿ. ಕರೆಂಟ್ ಬಂದಾಗ ಇದ್ದಷ್ಟೂ ನೀರು ಹಾಯಿಸಿಬಿಡುವ ರೈತ ಅಜ್ಞಾನದಿಂದ ಹಾಗೆ ಮಾಡುತ್ತಿಲ್ಲ. ಮತ್ತೆ ಯಾವಾಗ ಕರೆಂಟ್ ಬರುತ್ತದೋ ಎಂಬ ಅನಿಶ್ಚಯದಲ್ಲಿ ಅದೇ ಅವನಿಗೆ ಉಳಿದಿರುವ ಜಾಣತನ. ಔಷಧ ಸಿಂಪಡಿಸುವ ಡ್ರೋನ್ ನಿಜಕ್ಕೂ ಕೆಲಸದ ತಂತ್ರಜ್ಞಾನ, ವಿಷದ ಪಂಪನ್ನು ಬೆನ್ನಿಗೆ ಹೊತ್ತು ನಡೆಯುವ ಕೂಲಿಯ ಆರೋಗ್ಯ ಕಾಯುವ ಸಾಧನ. 2023ರಲ್ಲಿ ಘೋಷಣೆಯಾದ ನಮೋ ಡ್ರೋನ್ ದೀದಿ ಯೋಜನೆ ಅದನ್ನು 15,000 ಸ್ತ್ರೀ ಸ್ವಸಹಾಯ ಸಂಘಗಳ ಕೈಗೆ ಕೊಡಲು ಹೊರಟಿರುವುದು ಒಳ್ಳೆಯದೇ. ಆದರೆ 2015-16ರ ಗಣತಿಯಲ್ಲಿ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್ ಮಾತ್ರ. ಖಾನಾಪುರದ ಕಾಡಂಚಿನ ತುಂಡು ಗದ್ದೆಗಳ ನಡುವೆ ಅದು ದಿನಕ್ಕೆ ಎಷ್ಟು ಎಕರೆ ದುಡಿದೀತು, ಕೆಟ್ಟಾಗ ರಿಪೇರಿ ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ ಮಾತ್ರ ಸಂಘಕ್ಕೆ ಆದಾಯ. ಇದಕ್ಕೆ ಎದುರಾಗಿ ಕೊಯಮತ್ತೂರಿನ ಸಂಸ್ಥೆಯಿಂದ ಬಂದ ಕೋ 86032 ಕಬ್ಬಿನ ತಳಿಯನ್ನು ನೋಡಿ. ಅದು ರೈತನಿಂದ ರೈತನಿಗೆ ಬಿತ್ತನೆ ತುಂಡುಗಳಾಗಿ ಹರಡಿತು. ವಿಜ್ಞಾನಿಯ ವರ್ಷಗಟ್ಟಲೆಯ ಪರಿಣತಿಯೆಲ್ಲ ಆ ತುಂಡಿನೊಳಗೇ ಅಡಕವಾಗಿತ್ತು, ಪ್ರತಿದಿನ ಯಾರೂ ಬಂದು ಹೇಳಿಕೊಡಬೇಕಾಗಿರಲಿಲ್ಲ.

ಕೃಷಿಯಲ್ಲಿ ಇನ್ನೂ ಗಂಭೀರವಾದ ಒಂದು ಸಂಗತಿ ಇದೆ. ಮಾಹಿತಿ ಹೆಚ್ಚಾದಷ್ಟೂ ಅದರ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಅದನ್ನು ಬಳಸಿ ಏನಾದರೂ ಮಾಡಬಲ್ಲವರ ಪಾಲಿಗೇ ಮೊದಲು ಹೋಗುತ್ತದೆ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ದರ ಇಳುವರಿಗೆ, ಅಂದರೆ ಕಬ್ಬಿನಿಂದ ದೊರೆಯುವ ಸಕ್ಕರೆಯ ಪ್ರಮಾಣಕ್ಕೆ, ಕಟ್ಟಿಹಾಕಿದೆ: 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಆ ಇಳುವರಿ ಅಳೆಯುವ ಪ್ರಯೋಗಾಲಯ ಕಾರ್ಖಾನೆಯ ಒಳಗಿದೆ. ತೂಕದ ಕಾಟಾ ಕೂಡ ಅಲ್ಲಿಯೇ ಇದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತು ಟನ್ನಿಗೆ 3,500 ರೂಪಾಯಿ ಕೇಳಿದರು, ಕೊನೆಗೆ 3,300 ರೂಪಾಯಿಗೆ ಒಪ್ಪಂದವಾಯಿತು. ತನ್ನ ಗದ್ದೆಯ ತೇವ ಎಷ್ಟೆಂದು ಗೊತ್ತಿಲ್ಲ ಎಂಬುದು ಅಲ್ಲಿ ಯಾರ ದೂರೂ ಆಗಿರಲಿಲ್ಲ. ಬೆಳೆ ವಿಮೆಯಲ್ಲೂ ಹೀಗೆಯೇ. 2023ರಿಂದ ಭತ್ತ, ಗೋಧಿಗಳ ಇಳುವರಿ ಅಂದಾಜಿನಲ್ಲಿ ಉಪಗ್ರಹ ಆಧಾರಿತ ಲೆಕ್ಕಕ್ಕೆ ಕನಿಷ್ಠ ಶೇ 30ರ ಪಾಲು ಕೊಡುವ ಪದ್ಧತಿ ಬಂದಿದೆ. ಬೆಳೆ ಕಟಾವು ಪರೀಕ್ಷೆಯಲ್ಲಿ ನಡೆಯುವ ಕೈವಾಡ ಇದರಿಂದ ತಗ್ಗಬಹುದು, ಅದು ನಿಜವಾದ ಲಾಭ. ಆದರೆ ಕಟಾವು ಪರೀಕ್ಷೆ ನಡೆಯುವಾಗ ರೈತ ಪಕ್ಕದಲ್ಲಿ ನಿಂತು ನೋಡಬಹುದಿತ್ತು, ತೂಕ ತಪ್ಪಿದರೆ ಜಗಳ ತೆಗೆಯಬಹುದಿತ್ತು. ಒಂದೇ ತಾಲ್ಲೂಕಿನಲ್ಲಿ ಕಣಕುಂಬಿಯ ಕಡೆ ಗದ್ದೆ ಕೊಚ್ಚಿಹೋಗುವ ಮಳೆ, ಬೀಡಿಯ ಕಡೆ ಅದರ ಒಂದು ಪಾಲಷ್ಟೇ ಮಳೆ ಬೀಳುವ ಖಾನಾಪುರದಲ್ಲಿ, ಮೇಲಿನಿಂದ ಮಾಡಿದ ಲೆಕ್ಕ ತಪ್ಪಿದಾಗ ಯಾರ ಮುಂದೆ, ಯಾವ ಆಧಾರದ ಮೇಲೆ ಪ್ರಶ್ನಿಸಬೇಕು ಎಂಬ ದಾರಿಯನ್ನು ತಂತ್ರಜ್ಞಾನದ ಜೊತೆಗೇ ಕಟ್ಟಿಕೊಡಬೇಕು.

ಈಗ ಎರಡು ಬಲವಾದ ಪ್ರತಿವಾದಗಳನ್ನು ಎದುರಿಸಬೇಕು. ಮೊದಲನೆಯದು: ತಿಳಿವಳಿಕೆಯೇ ಬೇಡಿಕೆಯನ್ನು ಹುಟ್ಟಿಸುತ್ತದೆ. ಅಪಾಯ ಎಷ್ಟೆಂದು ಅಂಕಿಗಳಲ್ಲಿ ಕಂಡ ಮೇಲೆ ಜನ ರಸ್ತೆ ಕೇಳುತ್ತಾರೆ, ಆಸ್ಪತ್ರೆ ಕೇಳುತ್ತಾರೆ, ಹಾಗಾಗಿ ಸಲಹೆಯ ತಂತ್ರಜ್ಞಾನ ಮೊದಲು ಬರಲಿ, ಉಳಿದದ್ದು ಹಿಂಬಾಲಿಸುತ್ತದೆ ಎಂಬ ವಾದ. ಕೆಲವು ಕಡೆ ಇದು ನಿಜವಾಗಿದೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದ ಮೇಲೆ ಅದನ್ನು ಪಡೆಯುವುದು ರೈತನಿಗೆ ಸುಲಭವಾಯಿತು. ಅಲ್ಲಿ ಕೂಡ ಮೂಲ ದಾಖಲೆಯ ತಪ್ಪಿನ ತಿದ್ದುಪಡಿಗೆ ಕಚೇರಿ ಅಲೆಯುವುದು ತಪ್ಪಲಿಲ್ಲ ಎಂಬುದು ಬೇರೆ ಮಾತು. ಆದರೆ ಖಾನಾಪುರದ ಕಾಡಿನೊಳಗಿನ ಆಮಗಾಂವ್ ಯಾವ ಮಾಹಿತಿಯ ಕೊರತೆಯಿಂದ ನರಳುತ್ತಿದೆ? 2024ರ ಜುಲೈನಲ್ಲಿ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯ ಮೇಲೆ ಹೊತ್ತು, ಸುರಿವ ಮಳೆಯಲ್ಲಿ ಹಲವು ಕಿಲೋಮೀಟರ್ ಕಾಡು ದಾಟಿಸಿದ್ದು ಪತ್ರಿಕೆಗಳಲ್ಲಿ ಬಂತು. 108ಕ್ಕೆ ಕರೆ ಮಾಡಬೇಕೆಂಬುದು ಅವರಿಗೆ ಗೊತ್ತಿತ್ತು. ಊರಿಗೆ ರಸ್ತೆ ಇಲ್ಲವೆಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ಅದು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ಪ್ರದೇಶ. ರಸ್ತೆಗೆ ಅರಣ್ಯ ಕಾನೂನು ಅಡ್ಡ, ಸ್ಥಳಾಂತರಕ್ಕೆ ಜನರ ಒಪ್ಪಿಗೆಯೂ ತಕ್ಕ ಪರಿಹಾರವೂ ಬೇಕು. ನೆರೆಯ ತಳೇವಾಡಿಯಲ್ಲಿ 2025ರಲ್ಲಿ ಸ್ಥಳಾಂತರ ಶುರುವಾಗಿದೆ. ರಸ್ತೆಯೋ ಸ್ಥಳಾಂತರವೋ, ಕಾಡಿನ ಹಕ್ಕು ದೊಡ್ಡದೋ ಊರಿನ ಹಕ್ಕು ದೊಡ್ಡದೋ ಎಂಬುದನ್ನು ಸಮಾಜ ತೀರ್ಮಾನಿಸಬೇಕು. ಯಾವ ಆ್ಯಪ್ ಕೂಡ ಆ ತೀರ್ಮಾನವನ್ನು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ. ದೂರವೈದ್ಯದ ಸೌಲಭ್ಯ ಇದೆಯಲ್ಲ ಎಂಬ ಸಮಾಧಾನ ಆ ತೀರ್ಮಾನವನ್ನು ಇನ್ನಷ್ಟು ಮುಂದೂಡುವ ನೆಪವಾಗುವ ಅಪಾಯವೂ ಇದೆ.

ಎರಡನೆಯ ಪ್ರತಿವಾದ ಹಣದ್ದು. ಆಸ್ಪತ್ರೆ, ರಸ್ತೆ, ನರ್ಸ್‌ಗಳು ದುಬಾರಿ. ಆ್ಯಪ್ ಅಗ್ಗ. ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಇರಲಿ ಎಂಬುದು ಮೇಲ್ನೋಟಕ್ಕೆ ಅಲ್ಲಗಳೆಯಲಾಗದ ಮಾತು. ಆದರೆ ಆ್ಯಪ್ ಅಗ್ಗವಾಗಿ ಕಾಣುವುದು ಅದರ ಖರ್ಚನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿರುವುದರಿಂದ. ಪ್ರತಿಯೊಂದು ಹೊಸ ಆ್ಯಪ್‌ಗೂ ಮಾಹಿತಿ ತುಂಬುವವಳು ಆಶಾ ಕಾರ್ಯಕರ್ತೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಬೇಕಾಯಿತು, ಕನಿಷ್ಠ 10,000 ರೂಪಾಯಿಯ ಭರವಸೆಯ ಮೇಲೆ ಮುಷ್ಕರ ಮುಗಿಯಿತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದೂ ಅವರ ದೂರುಗಳಲ್ಲೊಂದು. ಅವಳ ಒಂದು ದಿನದಲ್ಲಿ ಇರುವುದು ಇಷ್ಟೇ ಗಂಟೆಗಳು. ಪರದೆಗೆ ಹೋದ ಗಂಟೆ ಬಾಣಂತಿಯ ಮನೆಗೆ ಹೋಗುವ ಗಂಟೆಯಿಂದಲೇ ಕಡಿತವಾಗುತ್ತದೆ. ಆದ್ದರಿಂದ ಆ್ಯಪ್ ಇರುವುದಕ್ಕೂ ಇಲ್ಲದಿರುವುದಕ್ಕೂ ಹೋಲಿಕೆ ಮಾಡಿದರೆ ಸಾಲದು. ಅದೇ ಹಣ, ಅದೇ ಸಮಯ ಕಳಚಿದ ಕೊಂಡಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಹೋಲಿಸಬೇಕು.

ಕೆಲಸದ ತಂತ್ರಜ್ಞಾನವೂ ತಾನಾಗಿಯೇ ಸುರಕ್ಷಿತವಲ್ಲ ಎಂಬುದನ್ನೂ ಹೇಳಲೇಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಅನುಮಾನ ಬಿದ್ದದ್ದು ತೀರಾ ಸಾಮಾನ್ಯವಾದ ಗ್ಲೂಕೋಸ್ ಬಾಟಲಿಯಂಥ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಮಾತ್ರೆಗೂ ಲಸಿಕೆಗೂ ಬೀಜಕ್ಕೂ ಗುಣಮಟ್ಟ ಕಾಯುವ ಪ್ರಯೋಗಾಲಯ, ಕೆಟ್ಟದ್ದನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಬೇಕು. ಎರಡೂ ಬಗೆಯ ತಂತ್ರಜ್ಞಾನಗಳ ಹಿಂದೆ ಹೊಣೆಗಾರ ಮನುಷ್ಯರು ಬೇಕೇ ಬೇಕು. ವ್ಯತ್ಯಾಸವಿಷ್ಟೇ: ಕೆಲಸದ ತಂತ್ರಜ್ಞಾನದಲ್ಲಿ ಆ ಹೊಣೆಯನ್ನು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಒಂದೆಡೆ ಕೂತು ಹೊರಬಹುದು. ಸಲಹೆಯ ತಂತ್ರಜ್ಞಾನದಲ್ಲಿ ಅದು ಪ್ರತಿ ಊರಿನಲ್ಲೂ ಪ್ರತಿದಿನವೂ ಇರಬೇಕಾಗುತ್ತದೆ. ಸೌಲಭ್ಯ ಅತಿ ಕಡಿಮೆ ಇರುವ ಊರಿಗೆ, ಸೌಲಭ್ಯವನ್ನು ಅತಿ ಹೆಚ್ಚು ಬೇಡುವ ತಂತ್ರಜ್ಞಾನವನ್ನು ನಾವು ಮೊದಲು ಕಳಿಸುತ್ತಿದ್ದೇವೆ. ಗೊಂದಲದ ಬೇರು ಇಲ್ಲಿದೆ.

ಹಾಗಾದರೆ ಹೊಸದೊಂದು ತಂತ್ರಜ್ಞಾನ ಖಾನಾಪುರದಂಥ ತಾಲ್ಲೂಕಿಗೆ ಬಂದಾಗ, ಅದನ್ನು ಒಪ್ಪುವ ಮುನ್ನ ಜಿಲ್ಲಾಡಳಿತವೂ ಗ್ರಾಮ ಪಂಚಾಯಿತಿಯೂ ಕೇಳಬೇಕಾದ ಪ್ರಶ್ನೆಗಳು ಮೂರು:

1. ಇದು ಕೊಡುವುದು ಸಲಹೆಯನ್ನೋ, ಮುಗಿಸಿದ ಕೆಲಸವನ್ನೋ? ಸಲಹೆಯಾದರೆ ಅದನ್ನು ನಡೆಸುವವರು ಯಾರು, ಅವರ ಬಳಿ ಮದ್ದು, ಕರೆಂಟ್, ವಾಹನ, ಸಮಯ ಇವೆಯೇ? ಇಲ್ಲದಿದ್ದರೆ ಅವನ್ನು ಒದಗಿಸುವ ಖರ್ಚು ಇದೇ ಯೋಜನೆಯಲ್ಲಿ ಸೇರಿದೆಯೇ?

2. ಇದರ ಕೆಲಸದ ಹೊರೆ ಯಾರ ಮೇಲೆ ಬೀಳುತ್ತದೆ, ಅವರಿಗೆ ಅದಕ್ಕೆ ತಕ್ಕ ಸಂಬಳ ಇದೆಯೇ? ಖಾನಾಪುರದಲ್ಲಿ ಮರಾಠಿಯೂ ಕೊಂಕಣಿಯೂ ಕನ್ನಡವೂ ಮನೆಮಾತುಗಳು. ಇದು ಜನರ ಮನೆಮಾತಿನಲ್ಲಿ ಮಾತಾಡುತ್ತದೆಯೇ?

3. ಇದು ತಪ್ಪಿದಾಗ ಪ್ರಶ್ನಿಸುವ ಹಕ್ಕೂ ದಾರಿಯೂ ಯಾರಿಗಿದೆ? ರೈತನ ಬಗ್ಗೆ, ರೋಗಿಯ ಬಗ್ಗೆ ಇದು ತೀರ್ಪು ಕೊಡುವುದಾದರೆ ಆ ಲೆಕ್ಕವನ್ನು ಅವರ ಮುಂದೆ ತೆರೆದಿಡಲಾಗುತ್ತದೆಯೇ?

ಈ ಪ್ರಶ್ನೆಗಳು ಹೊಸದನ್ನು ತಡೆಯುವ ಬೇಲಿಯಲ್ಲ. ಇಸಿಜಿ ಓದುವ ಯಂತ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಜೊತೆಗೆ ಚುಚ್ಚುಮದ್ದು ಬಂದಿರುವುದರಿಂದ. ಸಂವೇದಕವೂ ಗೆಲ್ಲಬಹುದು, ಹಗಲಿನ ಕರೆಂಟೋ ಸೌರ ಪಂಪೋ ಅದರೊಡನೆ ಬಂದರೆ. ರವಾಂಡಾದಲ್ಲಿ 2016ರಿಂದ ಡ್ರೋನ್‌ಗಳು ದೂರದ ಆಸ್ಪತ್ರೆಗಳಿಗೆ ರಕ್ತದ ಚೀಲಗಳನ್ನು ಹೊತ್ತು ಮುಟ್ಟಿಸುತ್ತಿವೆ. ಅದು ಯಶಸ್ವಿಯಾದದ್ದು ಇಳಿಯುವ ಜಾಗದಲ್ಲಿ ಆ ರಕ್ತವನ್ನು ಏರಿಸಬಲ್ಲ ನರ್ಸ್‌ಗಳು ಇರುವುದರಿಂದ. ಮಳೆಗಾಲದಲ್ಲಿ ದಾರಿ ಮುಚ್ಚುವ ನಮ್ಮ ಕಾಡಿನ ಊರುಗಳಿಗೂ ಅಂಥದ್ದನ್ನು ಯೋಚಿಸಬಹುದು, ಆದರೆ ಇಳಿಯುವ ಜಾಗದಲ್ಲಿ ಒಬ್ಬ ಎಎನ್‌ಎಂ ಇರಲೇಬೇಕೆಂಬ ಕರಾರಿನೊಡನೆ. ಎರಡು ದಶಕಗಳ ಹಿಂದೆ ಬೆಳಗಾವಿಯ ಹಳ್ಳಿಗಳು ಒಂದು ಅಗ್ಗದ ಮಾತ್ರೆಯ ಮೂಲಕ ಲೋಕದ ತಾಯಂದಿರಿಗೆ ದಾರಿ ತೋರಿಸಿದವು. ಆ ಅಧ್ಯಯನ ಶುರುವಾದದ್ದು ಯಂತ್ರವನ್ನು ಕೈಯಲ್ಲಿ ಹಿಡಿದು ಅದಕ್ಕೊಂದು ಹಳ್ಳಿಯನ್ನು ಹುಡುಕುವುದರಿಂದಲ್ಲ, ಹಳ್ಳಿಯ ಹೆರಿಗೆಯಲ್ಲಿ ಏನು ಇಲ್ಲ ಎಂದು ಕೇಳುವುದರಿಂದ. ಫ್ರಿಜ್ ಇಲ್ಲ, ವೈದ್ಯರಿಲ್ಲ, ಎಎನ್‌ಎಂ ಇದ್ದಾರೆ ಎಂಬ ಉತ್ತರ ಸಿಕ್ಕಿತು, ಆ ಉತ್ತರಕ್ಕೆ ಹೊಂದುವ ಮದ್ದನ್ನು ಆಯ್ದುಕೊಳ್ಳಲಾಯಿತು. ಇನ್ನು ಮುಂದಿನ ಯೋಜನೆಗಳ ಹಣ ಮಂಜೂರಾಗುವ ಮುನ್ನ ಅದೇ ಕ್ರಮದಲ್ಲಿ, ಮೊದಲು ಕೊರತೆಯ ಪಟ್ಟಿ, ಆಮೇಲೆ ಸಾಧನದ ಆಯ್ಕೆ ಎಂಬ ಕ್ರಮದಲ್ಲಿ, ಯೋಚಿಸುವಂತೆ ಜಿಲ್ಲೆಯ ಆರೋಗ್ಯ ಮತ್ತು ಕೃಷಿ ಇಲಾಖೆಗಳನ್ನು ಒತ್ತಾಯಿಸುವ ಹಕ್ಕು ಖಾನಾಪುರದ ಜನರಿಗಿದೆ. ಆ ಒತ್ತಾಯಕ್ಕೆ ದನಿಗೂಡಿಸುವುದು ಬೆಳಗಾವಿ ನಗರದ ವಿದ್ಯಾವಂತರ ಕರ್ತವ್ಯ.